ಪದಚರ್ಚೆ: ‘ಸಂಚಕಾರ’ವನ್ನು ಹಳೆಯ ಅರ್ಥದಲ್ಲಿ ಬಳಸಿದರೆ ಇಂದಿನ ಓದುಗರಿಗೆ ತಿಳಿದೀತೇ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ನಮ್ಮ ಕನ್ನಡ ಬಳಗದ ಸಂಚಿಕೆಗೆ ಇಲ್ಲಿನ ಕಾಲೇಜು ಫುಟ್‌ಬಾಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಆಟವನ್ನು ಹೇಗೋ ವಿವರಿಸಿದೆ. ದುಡ್ಡಿನ ಮಾತು ಬಂದಾಗ ಪದ ಸಿಗದೆ ನಿಂತಿದ್ದೇನೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ತೋರಿಸಿ ಹಣ ಗಳಿಸುವುದನ್ನು ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ದಶಕಗಳ ಕಾಲ ನಿಷೇಧಿಸಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾ ಇದರ ವಿರುದ್ಧ ಕಾನೂನು ಮಾಡಿತು. 2021ರ ಜೂನ್‌ನಲ್ಲಿ ಆಟಗಾರರು ಹೂಡಿದ್ದ ಆಲ್‌ಸ್ಟನ್ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಜುಲೈ 1ರಿಂದ ನಿಷೇಧ ಸಡಿಲವಾಯಿತು. ಇದಕ್ಕೆ ಇಲ್ಲಿನವರು ‘ನೇಮ್, ಇಮೇಜ್, ಲೈಕ್‌ನೆಸ್’ ಎನ್ನುತ್ತಾರೆ, ಮೊಟಕಾಗಿ ಎನ್‌ಐಎಲ್. ನಾನು ‘ಹೆಸರು-ಚಹರೆ ಹಕ್ಕು’ ಎಂದು ಬರೆದಿದ್ದೇನೆ. ನಮ್ಮ ಪತ್ರಿಕೆಗಳು ಸಿನಿಮಾ ನಟರ ಮೊಕದ್ದಮೆಗಳಲ್ಲಿ ಬಳಸುವ ‘ವ್ಯಕ್ತಿತ್ವದ ಹಕ್ಕು’ ಹದಿನೆಂಟರ ಹುಡುಗನಿಗೆ ಭಾರವೆನಿಸಿತು. ನೆಬ್ರಾಸ್ಕಾದಲ್ಲಿ ಡಿಕೋಲ್ಡೆಸ್ಟ್ ಕ್ರಾಫರ್ಡ್ ಎಂಬ ಹುಡುಗ 2022ರಲ್ಲಿ ಏರ್ ಕಂಡಿಷನರ್ ಕಂಪನಿಯೊಂದರ ಜಾಹೀರಾತಿನಲ್ಲಿ ಬಂದ. ‘ಎಲ್ಲಕ್ಕಿಂತ ತಣ್ಣಗಿನವ’ ಎಂಬ ಅರ್ಥದ ಅವನ ಹೆಸರಿಗೇ ಅಲ್ಲಿ ಬೆಲೆ. ಅಂಥ ಹಣಕ್ಕೆ ‘ಜಾಹೀರಾತು ಸಂಭಾವನೆ’ ಅಂದರೆ ಸಾಕು.

ತೊಡಕಿರುವುದು ಇನ್ನೊಂದು ಬಗೆಯ ಹಣದಲ್ಲಿ. ಆಯಾ ಕಾಲೇಜಿನ ಅಭಿಮಾನಿಗಳು, ಸಿರಿವಂತ ಹಳೆಯ ವಿದ್ಯಾರ್ಥಿಗಳು ಚಂದಾ ಕೂಡಿಸಿ ನಿಧಿ ಕಟ್ಟಿದರು. ಇದನ್ನು ಇಲ್ಲಿ ‘ಕಲೆಕ್ಟಿವ್’ ಎನ್ನುತ್ತಾರೆ. ನಾನು ‘ಅಭಿಮಾನಿ ನಿಧಿ’ ಎಂದಿದ್ದೇನೆ. ಇನ್ನೂ ಹೈಸ್ಕೂಲಿನಲ್ಲಿರುವ ಹುಡುಗನಿಗೆ ‘ನಮ್ಮ ಕಾಲೇಜಿಗೆ ಬಂದರೆ ಇಷ್ಟು’ ಎಂಬ ಲೆಕ್ಕ ಈ ನಿಧಿಗಳಿಂದ ಹೋಗತೊಡಗಿತು. ಒಪ್ಪಂದದ ಕಾಗದದಲ್ಲಿ ಪ್ರಚಾರ ಕೆಲಸ ಎಂದಿರುತ್ತದೆ. ಹಣದ ನಿಜವಾದ ಕೆಲಸ ಹುಡುಗನನ್ನು ಬೇರೆ ಕಡೆ ಹೋಗದಂತೆ ಹಿಡಿಯುವುದು. ಇದನ್ನು ಸಂಭಾವನೆ ಎಂದರೆ ಸುಳ್ಳಾಗುತ್ತದೆ. ಲಂಚ ಎಂದರೆ ಅನ್ಯಾಯವಾಗುತ್ತದೆ, ಏಕೆಂದರೆ ಹುಡುಗ ಏನೂ ಕದ್ದಿಲ್ಲ.

ನನಗೆ ಹೊಳೆದದ್ದು ‘ಸಂಚಕಾರ’. ಈಗ ಎಲ್ಲರೂ ಇದನ್ನು ‘ಪ್ರಾಣಕ್ಕೆ ಸಂಚಕಾರ’, ‘ಕೆಲಸಕ್ಕೆ ಸಂಚಕಾರ’ ಎಂದು ಕುತ್ತು ಎಂಬ ಅರ್ಥದಲ್ಲೇ ಬಳಸುತ್ತಾರೆ. ಇದರ ಮೂಲ ಸಂಸ್ಕೃತದ ‘ಸತ್ಯಂಕಾರ’, ಅಂದರೆ ಮಾತು ನಿಜವಾಗಲೆಂದು ಕೊಡುವ ಮುಂಗಡ. ನಾನು ಈ ಅರ್ಥವನ್ನು ಕಿವಿಯಾರೆ ಕೇಳಿದ್ದೇನೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಅಜ್ಜ ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ವ್ಯಾಪಾರ ಮುಗಿಸಿದ ಮೇಲೆ, ಮಡಿಸಿದ ನೂರರ ನೋಟೊಂದನ್ನು ಹೋರಿಯವನ ಕೈಗಿಟ್ಟು, ‘ಸಂಚಕಾರ ಕೊಟ್ಟಿವ್ನಿ, ಇನ್ ಯಾರ್ಗೂ ಹಲ್ಲು ತೋರಿಸ್ಬ್ಯಾಡ’ ಅಂದಿದ್ದ.

ಈ ಪದದ ಎರಡು ಅರ್ಥಗಳೂ ಒಟ್ಟಿಗೆ ಒದಗುವ ಪ್ರಸಂಗವೊಂದಿದೆ. ಕ್ಯಾಲಿಫೋರ್ನಿಯಾದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ಜೇಡನ್ ರಶಾಡಾ 2022ರ ನವೆಂಬರ್‌ನಲ್ಲಿ, ಮೊದಲು ಮಾತು ಕೊಟ್ಟಿದ್ದ ಮಯಾಮಿ ವಿಶ್ವವಿದ್ಯಾಲಯವನ್ನು ಬಿಟ್ಟು ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಒಪ್ಪಿದ. ಅಲ್ಲಿನ ಅಭಿಮಾನಿ ನಿಧಿಯ ಜೊತೆಗಿನ ಒಪ್ಪಂದದ ಮೊತ್ತ 1 ಕೋಟಿ 38.5 ಲಕ್ಷ ಡಾಲರ್. ಡಿಸೆಂಬರ್‌ನಲ್ಲಿ ಒಪ್ಪಂದವೇ ರದ್ದಾಯಿತು. ಹುಡುಗ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿ, 2024ರಲ್ಲಿ ಫ್ಲಾರಿಡಾದ ಕೋಚ್ ಮೇಲೂ ಇತರರ ಮೇಲೂ ದಾವೆ ಹೂಡಿದ. ಸಂಚಕಾರದ ಮಾತು ಕೊಟ್ಟವರೇ ಅವನ ಓದಿಗೂ ಆಟಕ್ಕೂ ಸಂಚಕಾರ ತಂದರು ಎಂದು ನಾನು ಬರೆದುಕೊಂಡಿದ್ದೇನೆ.

ಆದರೂ ನನಗೆ ಅಳುಕಿದೆ. ದನದ ಜಾತ್ರೆಯ ನೆನಪಿರುವವರಿಗೆ ಈ ಪದ ಮಕ್ಕಳನ್ನು ಹೋರಿಗಳ ಸಾಲಿಗೆ ನಿಲ್ಲಿಸಿದಂತೆ ಕಂಡರೆ? ಅದು ನನಗೆ ಸುತರಾಂ ಬೇಡ.

ಈ ಕಾರಣಕ್ಕೇ ‘ರಿಕ್ರೂಟಿಂಗ್’ಗೂ, ಅಂದರೆ ಹೈಸ್ಕೂಲಿನ ಆಟಗಾರರನ್ನು ಕಾಲೇಜುಗಳು ತಮ್ಮತ್ತ ಸೆಳೆಯುವುದಕ್ಕೂ, ಪದ ಹುಡುಕುತ್ತಿದ್ದೇನೆ. ‘ನೇಮಕಾತಿ’ ಸಲ್ಲದು, ಆಟಗಾರರು ನೌಕರರಲ್ಲ ಎಂಬುದು ಎನ್‌ಸಿಎಎ ಬಿಡದೆ ಹಿಡಿದಿರುವ ವಾದ. ‘ಆಯ್ಕೆ’ ಎಂದರೆ ದಿಕ್ಕೇ ತಿರುಗುತ್ತದೆ, ಇಲ್ಲಿ ಆರಿಸುವವನು ಹುಡುಗ. ಕಳೆದ ಡಿಸೆಂಬರ್‌ನಲ್ಲಿ ಮಗಳ ಹೈಸ್ಕೂಲಿನ ಜಿಮ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ಮೇಜಿನ ಮೇಲೆ ಮೂರು ಕಾಲೇಜುಗಳ ಮೂರು ಟೋಪಿ, ಪಕ್ಕದಲ್ಲಿ ತಾಯಿ. ಹುಡುಗನ ಕೈ ಒಂದು ಟೋಪಿಯ ಮೇಲೆ ಹೋಗಿ, ತಡೆದು, ಪಕ್ಕದ್ದನ್ನು ಎತ್ತಿತು. ಜಿಮ್ ಕಿತ್ತುಹೋಗುವ ಹಾಗೆ ಕೂಗು. ನನ್ನ ಬಾಯಿಗೆ ತಾನಾಗಿ ಬಂದ ಮಾತು ‘ವೀಳ್ಯ ಎತ್ತಿದ’. ರಣವೀಳ್ಯ ಎತ್ತಿದವನ ಮಾನ ಆ ಪದದಲ್ಲಿದೆ, ಅದಕ್ಕೇ ಕಾಲೇಜಿಗೆ ಬರುತ್ತೇನೆಂದು ಮಾತು ಕೊಡುವ ‘ಕಮಿಟ್’ಗೆ ಅದನ್ನು ಇಟ್ಟುಕೊಂಡಿದ್ದೇನೆ. ಮನಸ್ಸು ಬದಲಿಸಿದವನಿಗೆ ‘ವೀಳ್ಯ ಮರಳಿಸಿದ’ ಅನ್ನಬಹುದೇ? ‘ಪಕ್ಷಾಂತರ’ ಬೇಡ, ನಮ್ಮ ಕಡೆ ಅದು ಬೈಗುಳವೇ ಆಗಿದೆ.

ಎರಡು ಹಣಕ್ಕೂ ಒಂದೇ ಪದ ಸಾಕಲ್ಲ ಎನ್ನುವವರಿಗೊಂದು ಮಾತು. ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಮೇಲೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಆದಾಯದ ಪಾಲು ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಆಟಗಳೂ ಸೇರಿ ಪ್ರತಿ ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಹೊರಗಿನವರ ಒಪ್ಪಂದ 600 ಡಾಲರ್ ಮುಟ್ಟಿದರೆ ತಪಾಸಣೆಗೆ ಒಪ್ಪಿಸಬೇಕು. ಅಭಿಮಾನಿ ನಿಧಿಯ ಹಣವಾದರೆ ಅಲ್ಲಿ ಕೇಳುವ ಮುಖ್ಯ ಪ್ರಶ್ನೆ, ಇದರ ಹಿಂದೆ ನಿಜವಾದ ವ್ಯಾಪಾರವಿದೆಯೇ ಎಂದು. ಅಂದರೆ ಇದು ಸಂಭಾವನೆಯೋ, ಸಂಚಕಾರವೋ? ಕಾನೂನೇ ಬೇರ್ಪಡಿಸಿ ನೋಡುತ್ತಿರುವಾಗ ನಾವು ಕಲಸಿಬಿಟ್ಟರೆ ಹೇಗೆ?

ನನ್ನ ಕೇಳಿಕೆ ಇಷ್ಟು. ಮುಂಗಡ ಎಂಬ ಅರ್ಥದಲ್ಲಿ ‘ಸಂಚಕಾರ’ ನಿಮ್ಮ ಊರ ಕಡೆ ಇನ್ನೂ ಬಳಕೆಯಲ್ಲಿದೆಯೇ? ಕೂಲಿಯಾಳಿಗೋ ಮೇಳದ ಕಲಾವಿದರಿಗೋ ಕೊಡುವ ಮುಂಗಡಕ್ಕೂ ಹಾಗೆನ್ನುತ್ತಾರೆಯೇ, ಇಲ್ಲಾ ದನ, ಜಮೀನಿಗೆ ಮಾತ್ರವೇ? ಮನುಷ್ಯರಿಗೂ ಬಳಸಿದ್ದುಂಟು ಎಂದು ಒಬ್ಬರು ಹೇಳಿದರೂ ನನ್ನ ಅಳುಕು ಹೋಗುತ್ತದೆ. ಭಾನುವಾರ ಲೇಖನ ಸಂಪಾದಕರ ಕೈಗೆ ಹೋಗಬೇಕು.