ಸಮಸ್ಯಾಪೂರಣ: ಚೆಲುವಿನೊಡತಿಯರು

ಈ ಸಲದ ಸಮಸ್ಯೆ ಗ್ರೀಸಿನದು. ಭಾಮಿನಿ ಷಟ್ಪದಿಯ ಕಡೆಯ ಪಾದ ಕೊಟ್ಟಿದ್ದೇನೆ, ಉಳಿದ ಐದು ಪಾದ ಕಟ್ಟಿ ಪದ್ಯ ತುಂಬಿಸುವುದು ನಿಮ್ಮ ಪಾಲು:

*ಹೂವು ಕೊಳಲುಗಳಿಲ್ಲದೊಲಿದರು ಚೆಲುವಿನೊಡತಿಯರು*

ಒಡತಿಯರೆಂದರೆ ಪ್ರೇಮದೇವತೆ ಅಫ್ರೊಡೈಟಿಯಲ್ಲ, ಅವಳ ಪರಿವಾರದ ಖಾರಿಟೀಸ್. ಹೆಸಿಯಡ್ ಕವಿಯ ಲೆಕ್ಕದಲ್ಲಿ ಮೂವರು: ಅಗ್ಲಾಯಾ, ಯೂಫ್ರೊಸಿನಿ, ಥಾಲಿಯಾ. ಕಾಂತಿ, ಉಲ್ಲಾಸ, ಸಮೃದ್ಧಿ ಎನ್ನಿ. ಸ್ಪಾರ್ಟಾದವರಿಗೆ ಇಬ್ಬರೇ ಸಾಕಾಗಿತ್ತು! ಚೆಲುವಿನ ದೇವಿಯರಿಗೆ ಹೂವೇ ಇಲ್ಲದ ಪೂಜೆ ಹೇಗೆ? ಬಿಡಿಸಿ. ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದ ಹೊಂದಿಕೆ) ತಪ್ಪಿದರೆ ಒಪ್ಪುವುದಿಲ್ಲ.

ಮೊದಲ ಪೂರಣ

ದೇವಿಯರ ಬಲಿಗೆಂದು ನಿಂತಿರೆ
ಸಾವಿನೋಲೆಯು ಬಂತು ಮಗನದು
ನೋವಿನಲಿ ಮೀನೊಸನು ಕಿತ್ತನು ಮುಡಿಯ ಮಾಲೆಯನು
ಕಾವಲಿಟ್ಟನು ಕೊಳಲ ಕೊರಳಿಗೆ
ಜೀವ ಹಿಂಡಲು ಬಲಿಯ ಮುಗಿಸಿದ
ಹೂವು ಕೊಳಲುಗಳಿಲ್ಲದೊಲಿದರು ಚೆಲುವಿನೊಡತಿಯರು

ಪಾರೋಸ್ ದ್ವೀಪದ ಕಥೆ ಸರ್. ಕ್ರೀಟಿನ ರಾಜ ಮೀನೋಸನಿಗೆ ಮಗ ಆಂಡ್ರೊಜಿಯಸ್ ಸತ್ತ ಸುದ್ದಿ ಪೂಜೆಯ ನಡುವೆ ಬಂತು. ಅಂದಿನಿಂದ ಅಲ್ಲಿ ಖಾರಿಟೀಸರಿಗೆ ಮಾಲೆಯೂ ಇರಲಿಲ್ಲ, ವಾದ್ಯವೂ ಇರಲಿಲ್ಲ. ಮೀನೋಸನ ಓಕಾರವನ್ನು ಮಾತ್ರೆಗಾಗಿ ಮೊಟಕು ಮಾಡಿದ್ದೇನೆ, ಮನ್ನಿಸಿ.

ಪ್ರತಿಕ್ರಿಯೆ

ಮೇಡಂ, ‘ಕೊಳಲ ಕೊರಳಿಗೆ ಕಾವಲು’ ಅಂದಿರಲ್ಲ, ಅಲ್ಲೇ ಗೆದ್ದಿರಿ. ಒಂದೇ ತಕರಾರು: ಕಥೆಯಲ್ಲಿ ಅವನು ಬಲಿ ಮುಗಿಸಿದನೆಂದಷ್ಟೇ ಇದೆ, ದೇವಿಯರು ಒಲಿದರೆಂದು ಎಲ್ಲಿದೆ? ಅಂದಹಾಗೆ ಕಥೆಯ ಕೊಳಲು, ಅಂದರೆ ಗ್ರೀಕರ ಔಲೋಸ್, ನಮ್ಮ ಕೊಳಲಲ್ಲ. ಪೀಪಿ ಸಿಕ್ಕಿಸಿ ಊದುವ ಜೋಡಿ ನಳಿಕೆ, ಓಲಗದ ನಂಟು.

ಸಮಸ್ಯೆ ಕೊಟ್ಟವರು

ಒಲಿಸಿದ್ದು ನಾನು, ತಪ್ಪು ನನ್ನದೇ. ಓಲಗ ತಂದರೆ ನನ್ನ ಪಾದವೇ ಮುರಿಯುತ್ತದೆ, ಕೊಳಲೇ ಇರಲಿ.

ಎರಡನೆಯ ಪೂರಣ (ಉತ್ತರಾರ್ಧ ಮಾತ್ರ)

ಆವ ಶಿಲ್ಪಿಯ ಚಾಣ ಮುಟ್ಟದ
ದೇವಲೋಕದ ಕಲ್ಲ ರೂಪದಿ
ಹೂವು ಕೊಳಲುಗಳಿಲ್ಲದೊಲಿದರು ಚೆಲುವಿನೊಡತಿಯರು

ಬಿಯೋಶಿಯಾ ಸೀಮೆಯ ಓರ್ಕೊಮೆನಸ್‌ನಲ್ಲಿ ಪೂಜೆಗೊಳ್ಳುತ್ತಿದ್ದುದು ಬರೀ ಕಲ್ಲುಗಳು. ಎಟಿಯೊಕ್ಲಿಸ್ ರಾಜನಿಗಾಗಿ ಆಕಾಶದಿಂದ ಬಿದ್ದವೆಂದು ಗ್ರೀಕ್ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಕಡೆದ ವಿಗ್ರಹ ಬಂದದ್ದು ಪೌಸೇನಿಯಸನ ಕಾಲದಲ್ಲಿ.

ಪ್ರತಿಕ್ರಿಯೆ

ಅಯ್ಯೋ, ಅದೇ ಊರಲ್ಲಿ ಖಾರಿಟೇಸಿಯಾ ಎಂಬ ಉತ್ಸವದ ಸ್ಪರ್ಧೆಗಳಿದ್ದವು. ಗೆದ್ದ ಔಲೋಸ್ ವಾದಕರ ಹೆಸರು ಶಾಸನದಲ್ಲೇ ಇದೆ!

ಎರಡನೆಯ ಪೂರಣದವರು

ಕಲ್ಲು ಬಿದ್ದ ದಿನ ಯಾರೂ ಊದಿರಲಿಲ್ಲವಲ್ಲ ಸರ್?

ಸಮಸ್ಯೆ ಕೊಟ್ಟವರು

ಒಪ್ಪಿದೆ. ‘ಚಾಣ’ (ಉಳಿ) ಎಂಬ ಪದದ ಸೊಗಸಿಗಾಗಿ ಪೂರ್ವಾರ್ಧದ ಸಾಲ ನಾಳೆಯವರೆಗೆ ಮುಂದಕ್ಕೆ.