ಎನ್‌ಎಲ್‌ಆರ್ ಹೆಚ್ಚಿದ್ದರೆ ಇಮ್ಯುನೊಥೆರಪಿ ಬೇಡವೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ತಂದೆಯವರಿಗೆ ನಾಲ್ಕನೇ ಹಂತದ ಶ್ವಾಸಕೋಶದ ಅಡಿನೊಕಾರ್ಸಿನೋಮ (ಒಂದು ಬಗೆಯ ಕ್ಯಾನ್ಸರ್) ಇರುವುದು ಬಯಾಪ್ಸಿಯಿಂದ ತಿಳಿದಿದೆ. ರಕ್ತದಲ್ಲಿ ನ್ಯೂಟ್ರೊಫಿಲ್-ಲಿಂಫೊಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ, ಅಂದರೆ ಎನ್‌ಎಲ್‌ಆರ್, 6 ಇದೆ, ಉರಿಯೂತವನ್ನು ಸೂಚಿಸುವ ಸಿಆರ್‌ಪಿಯೂ ಹೆಚ್ಚಿದೆ. ಇಂಥವರಿಗೆ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ) ಫಲಿಸದು ಎಂದು ಓದಿದ್ದೇವೆ. ಅಷ್ಟು ಹಣ ಹೊಂದಿಸುವ ಮೊದಲು ಈ ಅಂಕಿಯನ್ನು ಎಷ್ಟು ನಂಬಬೇಕು?

ಉತ್ತರ, ರೋಗಿಯೊಬ್ಬರ ಮಗಳಿಂದ: ನನ್ನ ತಾಯಿಯವರಿಗೂ ಇದೇ ಕಾಯಿಲೆ. ಮೆದುಳಿಗೆ ಹರಡಿದ ಗಡ್ಡೆಯ ಸುತ್ತಲಿನ ಊತಕ್ಕೆಂದು ಡೆಕ್ಸಾಮೆಥಾಸೋನ್ ಕೊಡುತ್ತಿದ್ದಾಗ ಅವರ ಎನ್‌ಎಲ್‌ಆರ್ ಏರಿತ್ತು, ಮಾತ್ರೆ ತಗ್ಗಿಸಿದ ಮೇಲೆ ಇಳಿಯಿತು. ಸ್ಟೀರಾಯ್ಡ್‌ನಿಂದ ರಕ್ತದಲ್ಲಿ ನ್ಯೂಟ್ರೊಫಿಲ್ ಹೆಚ್ಚಿ ಲಿಂಫೊಸೈಟ್ ಕಡಿಮೆಯಾಗುತ್ತದೆಂದು ವೈದ್ಯರು ವಿವರಿಸಿದರು. ಗಡ್ಡೆ ಶ್ವಾಸನಾಳವನ್ನು ಮುಚ್ಚಿ ಅದರಾಚೆ ನ್ಯುಮೋನಿಯಾ ಆಗಿದ್ದರೂ, ಕ್ಷಯವಿದ್ದರೂ ಸಿಆರ್‌ಪಿ ಏರಬಹುದು. ರಕ್ತ ಕೊಟ್ಟ ದಿನ ಜ್ವರವಿತ್ತೇ, ಯಾವ ಮಾತ್ರೆ ನಡೆಯುತ್ತಿತ್ತು ಎಂಬುದನ್ನು ವರದಿಯ ಮೇಲೆಯೇ ಬರೆದಿಡಿ. ಮುಂದಿನ ವರದಿಯೊಡನೆ ಹೋಲಿಸುವಾಗ ಅದು ಬೇಕಾಗುತ್ತದೆ.

ಉತ್ತರ, ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುವವರಿಂದ: ಎನ್‌ಎಲ್‌ಆರ್ ಹೆಚ್ಚಿರುವವರಲ್ಲಿ ಇಮ್ಯುನೊಥೆರಪಿಯ ಫಲ ಸರಾಸರಿಯಲ್ಲಿ ಕಡಿಮೆ ಎಂಬುದು ನಿಜ, ಆದರೆ ಅಂಥವರಲ್ಲಿ ಕೀಮೋಥೆರಪಿಯ ಫಲವೂ ಕಡಿಮೆಯೇ ಇರುತ್ತದೆ. ಹಾಗಾಗಿ ಈ ಅಂಕಿ ಕಾಯಿಲೆಯ ಬಿರುಸನ್ನು ಸೂಚಿಸುತ್ತದೆಯೇ ಹೊರತು, ಎರಡರಲ್ಲಿ ಯಾವ ಚಿಕಿತ್ಸೆ ಮೇಲೆಂದು ಹೇಳುವುದಿಲ್ಲ. ಇದೊಂದನ್ನೇ ನೋಡಿ ಇಮ್ಯುನೊಥೆರಪಿಯನ್ನು ಕೈಬಿಡುವುದನ್ನು ನಾನು ಒಪ್ಪಲಾರೆ.

ನಿರ್ಧಾರಕ್ಕೆ ಬೇಕಾದದ್ದು ಬಯಾಪ್ಸಿ ತುಣುಕಿನ ಪರೀಕ್ಷೆಗಳು: ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಎಂಬ ಜೀನ್‌ಗಳಲ್ಲಿನ ಬದಲಾವಣೆ ಮತ್ತು ಗಡ್ಡೆಯ ಕೋಶಗಳಲ್ಲಿರುವ ಪಿಡಿ-ಎಲ್1 ಎಂಬ ಪ್ರೋಟೀನ್. ಪಿಡಿ-ಎಲ್1 ಪ್ರಮಾಣ 50% ಅಥವಾ ಹೆಚ್ಚಿದ್ದು, ಇಜಿಎಫ್‌ಆರ್, ಎಎಲ್‌ಕೆ ಬದಲಾವಣೆಗಳಿಲ್ಲದವರಿಗೆ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧವೊಂದನ್ನೇ ಕೊಟ್ಟು ನೋಡಿದ ಕೀನೋಟ್-024 ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ಬಳಿಕ ಆ ಗುಂಪಿನಲ್ಲಿ ಸುಮಾರು 32%, ಕೀಮೋದಿಂದ ಆರಂಭಿಸಿದವರಲ್ಲಿ ಸುಮಾರು 16% ಜನ ಬದುಕಿದ್ದರು. ಭಾರತದ ಅಡಿನೊಕಾರ್ಸಿನೋಮ ರೋಗಿಗಳಲ್ಲಿ ಇಜಿಎಫ್‌ಆರ್ ಬದಲಾವಣೆ ವಿರಳವೇನಲ್ಲ. ಅಂಥವರಿಗೆ ಮೊದಲ ಆಯ್ಕೆ ಸಾಮಾನ್ಯವಾಗಿ ಆ ಬದಲಾವಣೆಯನ್ನೇ ಗುರಿಯಾಗಿಸುವ ಒಸಿಮೆರ್ಟಿನಿಬ್‌ನಂಥ ಮಾತ್ರೆ. ಇಮ್ಯುನೊಥೆರಪಿ ಕೊಟ್ಟ ಕೆಲವು ತಿಂಗಳೊಳಗೆ ಆ ಮಾತ್ರೆ ಆರಂಭಿಸಿದರೆ ಶ್ವಾಸಕೋಶದ ಉರಿಯೂತ ತೀವ್ರವಾಗುವ ಅಪಾಯವಿದೆ. ದಯವಿಟ್ಟು ಜೀನ್ ವರದಿ ಬರುವವರೆಗೆ ಇಮ್ಯುನೊಥೆರಪಿಗೆ ಆತುರಪಡಬೇಡಿ. ಕಾಯುವಷ್ಟು ಸಮಯವಿಲ್ಲವೆಂದು ವೈದ್ಯರು ಹೇಳಿದರೆ, ಮೊದಲ ಸುತ್ತಿನಲ್ಲಿ ಕೀಮೋ ಮಾತ್ರ ಕೊಡಬಹುದೇ ಎಂದು ಕೇಳಿ. ಬಯಾಪ್ಸಿ ತುಣುಕು ಸಾಲದಿದ್ದರೆ ರಕ್ತದಲ್ಲಿರುವ ಗಡ್ಡೆಯ ಡಿಎನ್‌ಎ ಪರೀಕ್ಷಿಸುವ ದಾರಿಯೂ ಇದೆ.