ಪದಚರ್ಚೆ: ‘ಶಾಸ್ತ್ರೀಯ ಹಾಗೂ ಸಮಕಾಲೀನ ಸಂಗೀತದ ಕಛೇರಿ ಪಿಯಾನೋ ವಾದಕ’ ಸರಿಯೇ?

ವಿ.ಎಸ್.:
ನಮಸ್ಕಾರ. ನಾಳೆ ಬೆಳಿಗ್ಗೆ ಫಲಕ ಅಚ್ಚಿಗೆ ಹೋಗಬೇಕು. ಇಟಲಿಯ ಮೌರಿತ್ಸಿಯೊ ಪೊಲ್ಲೀನಿ (1942–2024) ಅವರ ಚಿತ್ರದಡಿ ಒಂದೇ ಸಾಲು. ಇಂಗ್ಲಿಷಿನಲ್ಲಿ ‘ಕ್ಲಾಸಿಕಲ್’, ‘ಕಾಂಟೆಂಪೊರರಿ’, ‘ಕನ್ಸರ್ಟ್ ಪಿಯಾನಿಸ್ಟ್’ ಎಂದಿದೆ. ನಾನು ಮೇಲಿನಂತೆ ಬರೆದೆ. ಓದಿದವರು ‘ಯಾವ ಆಫೀಸು?’ ಎಂದು ಕೇಳಿದರು.

ಕೆ.ಆರ್.:
> ಕಛೇರಿ
ಮೊದಲು ಆ ಮಹಾಪ್ರಾಣ ಕೀಳಿರಿ. ಕಚೇರಿ. ಅದೂ ಇಲ್ಲಿ ದಂಡ, ‘ಪಿಯಾನೋ ವಾದಕ’ ಸಾಕು. ‘ವಾದಕ’ ಸಂಸ್ಕೃತ, ‘ನುಡಿಸುಗ’ ಅನ್ನಿ. ನುಡಿಯಿಂದ ನುಡಿಸು: ವಾದ್ಯದ ಬಾಯಿ ಬಿಡಿಸುವ ಕ್ರಿಯಾಪದ ಕೈಯಲ್ಲೇ ಇರುವಾಗ ಸಾಲವೇಕೆ?

ಧಾರವಾಡದ ಎಂ.ಬಿ.:
ನಮ್ಮ ಕಡೆ ಪೇಟಿ, ಅಂದ್ರ ಹಾರ್ಮೋನಿಯಂ, ಬಾರಸ್ತಾರ್ರೀ. ನುಡಿಸುಗ ಅಂದ್ರ ಮಂದಿ ನಗತಾರ.

ಎನ್.ಪಿ.:
ವಾದಕನ ಜಗಳ ಆಮೇಲೆ. ಕೆಟ್ಟಿರುವುದು ಉಳಿದೆರಡು ಪದ. ‘ಶಾಸ್ತ್ರೀಯ’ ಎಂದೊಡನೆ ನಮ್ಮವರಿಗೆ ತಂಬೂರಿ ಕೇಳಿಸುತ್ತದೆ, ‘ಪಾಶ್ಚಾತ್ಯ’ ಸೇರಿಸದೆ ನಿಲ್ಲದು. ‘ಸಮಕಾಲೀನ’ಕ್ಕೆ ಯಾರಿಗೆ ಎಂಬುದು ಬೇಕು. ಪೊಲ್ಲೀನಿ ಆಸ್ಟ್ರಿಯಾದ ಸಂಯೋಜಕ ವೇಬರ್ನ್ ಕೃತಿ ನುಡಿಸಿದರು. ವೇಬರ್ನ್ 1945ರಲ್ಲಿ ತೀರಿಕೊಂಡಾಗ ಇವರಿಗೆ ಮೂರು ವರ್ಷ. ಎಂಥ ಸಮಕಾಲೀನತೆ! ಅದೇ ಇಟಲಿಯ ಸಂಯೋಜಕ ಲುಯಿಜಿ ನೋನೊ ನಿಜವಾದ ಒಡನಾಡಿ. 1976ರಲ್ಲಿ ಇವರಿಗೆಂದೇ ಪಿಯಾನೋ ಮತ್ತು ಟೇಪಿಗೆ ಒಂದು ಕೃತಿ ರಚಿಸಿದರು. ಟೇಪಿನಲ್ಲಿರುವುದೂ ಪೊಲ್ಲೀನಿಯವರದೇ ವಾದನ, ಪೆಡಲ್ಲಿನ ಸದ್ದು ಸಮೇತ. ವೇದಿಕೆಯಲ್ಲಿ ತಮ್ಮ ಜೊತೆ ತಾವೇ ನುಡಿಸಬೇಕು. 1960ರಲ್ಲಿ ವಾರ್ಸಾದ ಶೋಪಾನ್ ಸ್ಪರ್ಧೆ ಗೆದ್ದ ಹುಡುಗ ಇಲ್ಲಿಗೆ ಬಂದದ್ದನ್ನು ಎರಡು ವಿಶೇಷಣಗಳಲ್ಲಿ ಮುಗಿಸಬೇಡಿ. ಸಂಯೋಜಕರ ಹೆಸರು ಹಾಕಿ: ‘ಬೀಥೋವನ್, ಶೋಪಾನ್‌ರಿಂದ ಬೂಲೆಜ್, ನೋನೊವರೆಗೆ’.

ಕೆ.ಆರ್.:
ನಾಲ್ಕು ವಿದೇಶಿ ಹೆಸರು, ಕನ್ನಡ ಸೊನ್ನೆ. ‘ಪಿಯಾನೋ’ ಎಂದರೆ ‘ಮೆಲ್ಲಗೆ’, ‘ಪಿಯಾನೋಫೋರ್ಟೆ’ಯ (ಮೆಲ್ಲಗೆ-ಗಟ್ಟಿಯಾಗಿ) ಬಾಲ ಕತ್ತರಿಸಿ ಉಳಿದದ್ದು. ‘ಮೆಲುಗಟ್ಟಿ’ ಎಂದು ನಾನು ಹಿಂದೆಯೇ ಸೂಚಿಸಿದ್ದೆ.

ಎನ್.ಪಿ.:
ಫಿಡಲನ್ನು ಪಿಟೀಲು ಮಾಡಿಕೊಂಡು ಚೌಡಯ್ಯನವರ ಹೆಸರಿಗೇ ಅಂಟಿಸಿದ ನಾಡು ಇದು. ಮೈಸೂರಿನ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ಕಲಿತವರು. ರಷ್ಯಾದ ಸಂಯೋಜಕ ಮೆಟ್ನರ್ ತಮ್ಮ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು. ಮೆಲುಗಟ್ಟಿ ನಿಮ್ಮಲ್ಲೇ ಇರಲಿ.

ವಿ.ಎಸ್.:
ಎನ್.ಪಿ. ಅವರ ಸಾಲನ್ನೇ ‘ಪಿಯಾನೋ ವಾದಕ’ ಸೇರಿಸಿ ಕಳಿಸಿದ್ದೇನೆ. ವಂದನೆಗಳು.

ಕೆ.ಆರ್.:
‘ವಂದನೆ’ಯೂ ಸಂಸ್ಕೃತವೇ.